ಹತ್ತಿ ಎತ್ತಿಟ್ಟು ತೆಂಗಿನ ನಾರು ತಂದೆ

ಶಿರಸಿಯಿಂದ ಸ್ವಲ್ಪ ಒಳಗಿನ ಹಳ್ಳಿಯಲ್ಲಿ ನನ್ನ ಅಂಗನವಾಡಿ. 3ರಿಂದ 6 ವರ್ಷದ ಮಕ್ಕಳು. ಮೊಲ ಮಾಡಿಸೋದು ಅಂದ್ರೆ ಬಿಳಿ ಹತ್ತಿ, ಕೆಂಪು ಕಣ್ಣು, ಬಾಯಿಗೊಂದು ಕ್ಯಾರೆಟ್, ಅಷ್ಟೇ ಅಂದುಕೊಂಡಿದ್ದೆ. ಹತ್ತಿ ಹಂಚುವಾಗ ಒಬ್ಬಳು "ಅಕ್ಕೋರೇ, ನಮ್ಮನೆ ಬೆಟ್ಟದ ಮೊಲ ಹಿಂಗಿಲ್ಲ, ಮಣ್ಣಿನ ಬಣ್ಣ" ಅಂದಳು. ಹೌದಲ್ವಾ! ರಾತ್ರಿ ಬೈಕಿನ ಬೆಳಕಿಗೆ ಸಿಕ್ಕಿ ದಾರಿಯಲ್ಲೇ ಓಡುವ ಮೊಲವನ್ನು ನಾನೂ ಎಷ್ಟು ಸಲ ನೋಡಿದ್ದೇನೆ.

ಕನ್ನಡದಲ್ಲಿ ಎರಡಕ್ಕೂ ಮೊಲ ಅಂತಲೇ ಹೆಸರು, ಗೊಂದಲ ಶುರುವಾಗುವುದು ಅಲ್ಲೇ. ಗೂಡಲ್ಲಿ ಸಾಕುವುದು ಯುರೋಪಿನ ಜಾತಿ. ಅದರ ಮರಿಗೆ ಹುಟ್ಟುವಾಗ ಕೂದಲಿಲ್ಲ, ಕಣ್ಣೂ ಮುಚ್ಚಿರುತ್ತದೆ. ತೋಟಕ್ಕೆ ಸೊಪ್ಪು ತರುವ ಕಾಡು ಇದೆಯಲ್ಲ, ನಮ್ಮ ಆ ಸೊಪ್ಪಿನ ಬೆಟ್ಟದ್ದು ಬಿಲ ತೋಡುವುದಿಲ್ಲ, ಹುಲ್ಲಿನ ಮರೆಯಲ್ಲೇ ಮರಿ ಹಾಕುತ್ತದೆ, ಮರಿ ಹುಟ್ಟುತ್ತಲೇ ಕೂದಲು ಹೊದ್ದು ಕಣ್ಣು ಬಿಟ್ಟಿರುತ್ತದೆ.

ಮರುದಿನ ಹತ್ತಿ ಎತ್ತಿಟ್ಟು ತೆಂಗಿನ ನಾರು ತಂದೆ. ಕಿವಿಗೆ ಅಡಿಕೆ ಹಾಳೆ. ನೆನೆಸಿದರೆ ಕತ್ತರಿ ಸಲೀಸಾಗಿ ಹೋಗುತ್ತದೆ ಅಂತ ನೆನೆಸಿ ಕತ್ತರಿಸಿದೆವು. ರಾತ್ರಿ ಒಣಗಿ ಎಲ್ಲ ಸುರುಟಿಕೊಂಡು ಬೆಳಿಗ್ಗೆ ನೋಡಿದರೆ ಹದಿನಾರು ಆಡುಗಳು! ಆಮೇಲೆ ಕತ್ತರಿಸಿದ ಕೂಡಲೇ ದಪ್ಪ ಪುಸ್ತಕದ ಅಡಿ ಇಡುವುದು ಕಲಿತೆ. ಮೀಸೆಗೆ ಹಿಡಿಕಡ್ಡಿ ಬೇಡ, ಕಣ್ಣಿಗೆ ಚುಚ್ಚುತ್ತದೆ. ದಾರ ಸಾಕು.

ಆದರೆ ನಿಜವಾದ ಪಾಠ ಆದದ್ದು ಅಂಗಳದಲ್ಲಿ. ಮೊಲ ಜಿಗಿದಾಗ ಹಿಂಗಾಲು ಮುಂಗಾಲಿಗಿಂತ ಮುಂದೆ ಹೋಗಿ ಬೀಳುತ್ತದೆ ಅಂತ ಬಾಯಲ್ಲಿ ಹೇಳಿದರೆ ಯಾರಿಗೂ ತಲೆಗೆ ಹೋಗಲಿಲ್ಲ. ನೀರು ಚಿಮುಕಿಸಿದ ಕೆಮ್ಮಣ್ಣಿನ ಮೇಲೆ ಅವರೇ ಕೈ ಊರಿ, ಕಾಲನ್ನು ಕೈಗಿಂತ ಮುಂದೆ ಎಸೆದು ಜಿಗಿದರು, ಅರ್ಧ ಮಕ್ಕಳು ಮಗುಚಿ ಬಿದ್ದರು, ಆದರೆ ಗುರುತು ನೋಡಿ "ಕಾಲು ಮುಂದೆ, ಕೈ ಹಿಂದೆ!" ಅಂತ ಕೂಗಿದವರೂ ಅವರೇ. ಇನ್ನೊಂದು ಆಟ ಮರಿ ಆಟ. ಎಲ್ಲರೂ ಮುದುರಿ ಕೂರಬೇಕು, ಅಮ್ಮ ಹಾಲೂಡಿಸಲು ಬರುವ ತನಕ ಅಲ್ಲಾಡುವಂತಿಲ್ಲ. ಇದನ್ನು ಬೇಕಂತಲೇ ಆಡಿಸಿದೆ. ಕರಡ (ಬೆಟ್ಟದ ಒಣಹುಲ್ಲು) ಕೊಯ್ಯುವಾಗ ಮರಿ ಸಿಕ್ಕರೆ "ಪಾಪ, ಅಮ್ಮ ಇಲ್ಲ" ಅಂತ ಮನೆಗೆ ತರುವವರಿದ್ದಾರೆ. ಅಮ್ಮ ದೂರ ಇರುತ್ತದೆ ಅಷ್ಟೇ, ಮುಟ್ಟದೆ ಬಿಟ್ಟು ಬರಬೇಕು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಿಡಿಯುವುದೂ ತಪ್ಪು. (ಇದನ್ನು ಮಕ್ಕಳಿಗಲ್ಲ, ಅಪ್ಪಂದಿರಿಗೆ ಹೇಳಿದೆ.)

ಒಂದು ದಿನ ಒಬ್ಬರು ಸಾಕಿದ ಮೊಲ ತಂದಿದ್ದರು. ಒಬ್ಬ ಓಡಿ ಹೋಗಿ ಕಿವಿಗೇ ಕೈ ಹಾಕಿದ. ಮೊಲ ಹಿಂಗಾಲಿನಲ್ಲಿ ನೆಲಕ್ಕೆ ದಬ್ ಅಂತ ಬಡಿಯಿತು, ಹೆದರಿದಾಗ ಅದು ಹಾಗೇ ಮಾಡುವುದು. ಎಲ್ಲ ಗಪ್‌ಚುಪ್. ಆಮೇಲೆ ಇಬ್ಬಿಬ್ಬರೇ ನೆಲದ ಮೇಲೆ ಕೂತು ಬೆನ್ನು ಸವರಿದರು. ಕ್ಯಾರೆಟ್ ಹಿಡಿದು ಬಂದವಳಿಗೆ ಹುಲ್ಲು ಕೊಟ್ಟೆ. ಅದರ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದು ಅಗಿದೇ ಸವೆಯಬೇಕು.

ನಾರಿನ ಮೊಲಗಳಲ್ಲಿ ಒಂದಕ್ಕೆ ಮೂರೇ ಕಾಲು. ಗಾದೆ ನೆನಪಾಗಿ ನಗು ತಡೆಯಲಾಗಲಿಲ್ಲ. "ಇನ್ನೊಂದು ಮಡಚಿ ಕೂತಿದೆ ಅಕ್ಕೋರೇ" ಅಂದ ಮಾಡಿದವ. ಅಂಟು ಒಣಗುವ ತನಕ ಕಾಯೋಕೆ ಆಗದೆ ಅವನು ಎಲ್ಲ ದಾರದಲ್ಲೇ ಬಿಗಿದಿದ್ದ. ಈಗ ಮಳೆ ಜೋರು. ಮೈದಾ ಅಂಟಿನ ಮೊಲಕ್ಕೆಲ್ಲ ಬೂಸ್ಟು ಬಂದು ಎಸೆದಾಯಿತು, ಕಿಟಕಿಯಲ್ಲಿ ಇವನದ್ದೊಂದೇ ಕೂತಿದೆ.