ನವಲಗುಂದ ಜಮಖಾನ ತೊಳೆಯುವ ಮುನ್ನ

ಮನೆಯಲ್ಲಿ ನವಲಗುಂದದ ಕೈಮಗ್ಗದ ಜಮಖಾನ ಇದ್ದರೆ ದಯವಿಟ್ಟು ವಾಷಿಂಗ್ ಮಷಿನ್‌ಗೆ ಹಾಕಬೇಡಿ. ಹತ್ತಿಯ ಹಾಸುನೂಲು (ಉದ್ದದ ಎಳೆ) ಕಾಣದಂತೆ ಹೊಕ್ಕುನೂಲನ್ನು (ಅಡ್ಡ ಎಳೆ) ಒತ್ತೊತ್ತಾಗಿ ಬಡಿದು ಕೂರಿಸಿರುತ್ತಾರೆ. ಮಷಿನ್ ತಿರುವಿದರೆ ಆ ಬಿಗಿ ಸಡಿಲಗೊಂಡು ಅಂಚು ಸೊಟ್ಟಗಾಗುತ್ತದೆ; ನವಿಲು, ಪಗಡೆ ಚಿತ್ತಾರವೂ ಓರೆಯಾಗುತ್ತದೆ.

ಮೊದಲು ಬಣ್ಣ ಪರೀಕ್ಷಿಸಿ. ಒದ್ದೆ ಬಿಳಿ ಬಟ್ಟೆಯನ್ನು ಕೆಂಪು ಭಾಗದ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಬಟ್ಟೆಗೆ ಬಣ್ಣ ಹತ್ತಿದರೆ ನೀರಿಗೆ ಇಳಿಸಬೇಡಿ, ಕೊಡವಿ ಬಿಸಿಲಿಗೆ ಹಿಡಿದರೆ ಸಾಕು. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂದು ನಂಬಿ ಹಾಳು ಮಾಡಿಕೊಳ್ಳಬೇಡಿ.

ಬಣ್ಣ ಹತ್ತದಿದ್ದರೆ 10-12 ಅಂಟುವಾಳಕಾಯಿಯನ್ನು ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಕಿವುಚಿ, ಸೋಸಿ, ಅರ್ಧ ಬಕೆಟ್ ತಣ್ಣೀರಿಗೆ ಬೆರೆಸಿ. ಜಮಖಾನವನ್ನು ನೆಲದ ಮೇಲೆ ಹಾಸಿ, ಈ ನೀರಲ್ಲಿ ಅದ್ದಿದ ಮೆತ್ತನೆ ಬ್ರಷ್‌ನಿಂದ ಹೊಕ್ಕಿನ ಗುಂಟ, ಅಂದರೆ ಅಡ್ಡಕ್ಕೆ ಮಾತ್ರ ಉಜ್ಜಿ. ನೊರೆ ಹೋಗುವವರೆಗೂ ನೀರು ಹೊಯ್ಯಿರಿ. ಹಿಂಡಬಾರದು, ಹಳೆಯ ಟವೆಲ್ ಜೊತೆ ಸುರುಳಿ ಸುತ್ತಿ ಒತ್ತಿದರೆ ನೀರು ಇಳಿಯುತ್ತದೆ. ಒಂದೇ ಹಗ್ಗಕ್ಕೆ ನೇತುಹಾಕಿದರೆ ಒದ್ದೆ ಭಾರಕ್ಕೆ ನಡುವೆ ಜಗ್ಗುತ್ತದೆ, ಹಾಗಾಗಿ ನೆರಳಲ್ಲಿ ಮಂಚದ ಮೇಲೆ ಹರಡಿ, ಮಗುಚಿ ಒಣಗಿಸಿ.

ತುದಿಯ ಕುಚ್ಚು ಬರೀ ಅಲಂಕಾರವಲ್ಲ, ಅದೇ ಹಾಸುನೂಲು. ಕತ್ತರಿಸಿದರೆ ನೇಯ್ಗೆ ಬಿಚ್ಚಿಕೊಳ್ಳುತ್ತದೆ. ಗಂಟು ಬಿಟ್ಟಲ್ಲಿ ನಾಲ್ಕೈದು ಎಳೆ ಸೇರಿಸಿ ಅಂಚಿಗೆ ತಾಗುವಂತೆ ಮತ್ತೆ ಬಿಗಿಯಿರಿ.

ಮಡಚಿದ ಗೆರೆಯಲ್ಲೇ ನೂಲು ಸವೆಯುವುದು. ಸುರುಳಿ ಸುತ್ತಿ, ಹಳೆಯ ಹತ್ತಿ ಸೀರೆಯಲ್ಲಿ ಕಟ್ಟಿಡಿ; ಪ್ಲಾಸ್ಟಿಕ್ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ.