ಬುಕ್‌ಮಾರ್ಕ್ ಪ್ಯಾನೆಲ್ ಕಿತ್ತುಹಾಕಿದೆ, ಆಮೇಲೆ ಸರಿಹೋಯಿತು

ನಾನು ಒಂದು ಔಟ್‌ಲೈನ್ ಎಡಿಟರ್ ಮಾಡಿದ್ದೇನೆ: ಬರಹವನ್ನು ತಲೆಬರಹ, ಉಪತಲೆಬರಹ ಅಂತ ಮರದ ಹಾಗೆ ಜೋಡಿಸಿಡುವ ತಂತ್ರಾಂಶ. ಆ ಮರದ ಒಂದೊಂದು ತಲೆಬರಹವೂ ಒಂದು ನೋಡ್. ಅದರಲ್ಲಿ ಬುಕ್‌ಮಾರ್ಕ್‌ಗೆ, ಅಂದರೆ ಬೇಕಾದ ಜಾಗಕ್ಕೆ ನೇರ ಹಾರಲು ಇಡುವ ಗುರುತಿಗೆ, ಬೇರೆ ಪಟ್ಟಿ ಬೇಡ, ಅದೂ ಔಟ್‌ಲೈನ್‌ನ ಒಂದು ನೋಡ್ ಆಗಿರಲಿ ಅಂತ ನಾನು ಹೇಳಿದಾಗ ಗೆಳೆಯರು ಯಾರೂ ಒಪ್ಪಲಿಲ್ಲ. ‘ಎಲ್ಲಾ ಎಡಿಟರ್‌ನ್ಯಾಗ ಸೈಡಿಗೆ ಪ್ಯಾನೆಲ್ ಇರ್ತದ, ನಿಂದೊಂದು ಬ್ಯಾರೆ ಯಾಕಪಾ’ ಅಂದರು. ಈಗ ಎಂಟು ತಿಂಗಳಿಂದ ಕಲಬುರಗಿಯ ಒಬ್ಬ ವಕೀಲರು ದಿನಾ ಅದನ್ನೇ ಬಳಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ವಕೀಲ ಕಾಕಾ ಇಲ್ಲಿನ ಹೈಕೋರ್ಟ್ ಪೀಠದಲ್ಲಿ ವಕೀಲಿ ಮಾಡುತ್ತಾರೆ. ಎಲ್ಲಾ ಕೇಸೂ ಒಂದೇ ಫೈಲಿನಲ್ಲಿ. ಸುಮಾರು 140 ಕೇಸು, 9,000 ಸಾಲಿನ ಹತ್ತಿರ. ಪ್ರತಿ ಕೇಸಿನ ಕೆಳಗೂ ಅವೇ ನಾಲ್ಕು ತಲೆಬರಹ: ಸಂಗತಿ, ದಾಖಲೆ, ವಾದ, ಮುಂದಿನ ದಿನಾಂಕ. ನನ್ನ ಲೆಕ್ಕ ಎಲ್ಲಾ ತಪ್ಪಿಸಿದ್ದು ಈ ನಾಲ್ಕೇ.

ಬುಕ್‌ಮಾರ್ಕ್ ತನ್ನ ಜಾಗ ನೆನಪಿಡಲು ಮೊದಲು ಇಮ್ಯಾಕ್ಸ್ ಅನ್ನೋ ಎಡಿಟರ್‌ನ ದಾರಿ ಹಿಡಿದೆ. ಅದು ಜಾಗದ ಜೊತೆಗೆ ಹಿಂದಿನ 16, ಮುಂದಿನ 16 ಅಕ್ಷರ ನೆನಪಿಟ್ಟುಕೊಳ್ಳುತ್ತದೆ, ಪಠ್ಯ ಸರಿದರೂ ಹುಡುಕಿಕೊಳ್ಳುತ್ತದೆ. ಇಂಗ್ಲಿಷ್‌ಗೆ ಚೆನ್ನಾಗಿದೆ. ಕನ್ನಡದಲ್ಲಿ ಗುಣಿತದ ಚಿಹ್ನೆಯೂ ಯೂನಿಕೋಡ್‌ನಲ್ಲಿ ಒಂದೊಂದು ಎಣಿಕೆ. ‘ಮುಂದಿನ ದಿನಾಂಕ’ ಅಂತ ಬರೆದರೇ 13 ಮುಗಿಯಿತು, ಉಳಿದದ್ದು ಮೂರು. 140 ಕಡೆ ಅದೇ ತಲೆಬರಹ ಇದ್ದರೆ ಆ ಮೂರರಲ್ಲಿ ಏನು ಗುರುತು ಹತ್ತಬೇಕು? ಕಾಕಾ ಫೋನ್ ಮಾಡಿದರು: ‘ತಮ್ಮಾ, ಒತ್ತಿದ್ದು ಒಂದ್ ಕೇಸು, ತೋರ್ಸಿದ್ದು ಇನ್ನೊಂದ್ ಕೇಸು.’ ಕೋರ್ಟ್ ಹಾಲ್ ಬಾಗಿಲಲ್ಲಿ ನಿಂತೇ ಹೇಳಿದ್ದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ತಲೆಬರಹಗಳ ಹಾದಿ ಇಟ್ಟೆ: ಕೇಸು, ಅದರ ಕೆಳಗೆ ವಾದ, ಹೀಗೆ. ಎರಡು ವಾರ ನಡೆಯಿತು. ಕೇಸು ತೀರ್ಮಾನವಾದ ಕೂಡಲೇ ಅವರು ಅದನ್ನು ‘ಮುಗಿದದ್ದು’ ಕೆಳಗೆ ಎಳೆದು ಹಾಕುತ್ತಾರೆ. ಹಾದಿ ತಪ್ಪಿತು, ಬುಕ್‌ಮಾರ್ಕ್ ಸತ್ತಿತು.

ದುಡ್ಡು ಹೋಗಿದ್ದು ಪ್ಯಾನೆಲ್‌ಗೆ. ಬೆಂಗಳೂರಿನ ಒಬ್ಬ ಡಿಸೈನರ್‌ಗೆ 14,000 ಕೊಟ್ಟೆ. ಚಿತ್ರದಲ್ಲಿ ಬಹಳ ಚಂದ ಇತ್ತು. ಕಾಕಾನ ಲ್ಯಾಪ್‌ಟಾಪಿಗೆ ಹಾಕಿದಾಗ ಪರದೆಯ ಮೂರನೇ ಒಂದು ಪಾಲು ಅದೇ ನುಂಗಿತು. ಅಷ್ಟಾದರೂ ಕನ್ನಡದ ತಲೆಬರಹಕ್ಕೆ ಅಗಲ ಸಾಲಲಿಲ್ಲ. ಏಳು ಸಾಲು, ಏಳರಲ್ಲೂ ‘ಮುಂದಿನ ದಿ…’ ಅಂತಲೇ ಇತ್ತು. ಈ ಗುದ್ದಾಟದಲ್ಲಿ ಎರಡು ತಿಂಗಳು ಬೇರೆ ಕೆಲಸ ಬಿಟ್ಟಿದ್ದೆ. ಅದೂ ಸೇರಿದರೆ ಹತ್ತಿರ ಹತ್ತಿರ 70,000 ಕೈಬಿಟ್ಟಿತು.

ಪ್ಯಾನೆಲ್ ಪೂರ್ತಿ ಕಿತ್ತೆ. ಪ್ರತಿ ನೋಡ್‌ಗೂ ಒಂದು ಅಳಿಯದ ಗುರುತಿನ ಸಂಖ್ಯೆ ಕೊಟ್ಟೆ. ಲಿಯೋ ಅನ್ನೋ ಇನ್ನೊಂದು ಔಟ್‌ಲೈನ್ ಎಡಿಟರ್ ಹೀಗೇ ಮಾಡುತ್ತದೆ: ಬಳಸುವವರ ಹೆಸರು, ಹುಟ್ಟಿದ ಹೊತ್ತು, ಒಂದು ಎಣಿಕೆ. ಹೆಸರು ಬದಲಾಗಲಿ, ಜಾಗ ಬದಲಾಗಲಿ, ಗುರುತು ಹಾಗೇ ಇರುತ್ತದೆ. ನೋಡ್ ಕಾಪಿ ಮಾಡಿ ಅಂಟಿಸಿದರೆ ಎರಡಕ್ಕೂ ಒಂದೇ ಸಂಖ್ಯೆ ಬರುತ್ತದಲ್ವಾ, ಆಗ ಯಾವುದು ಅಸಲಿ ಅಂತ ತಿಳಿಯೋಕೆ ಒಂದು ಉಪಾಯ ಮಾಡಿದ್ದೇನೆ. ಮೂರು ವಾರ ತಲೆ ಕೆಡಿಸಿಕೊಂಡು ಸಿಕ್ಕಿದ್ದು, ಅದನ್ನು ಇಲ್ಲಿ ಬರೆಯೋದಿಲ್ಲ.

ಬುಕ್‌ಮಾರ್ಕ್ ಈಗ ‘ಗುರುತು’ ಅನ್ನೋ ನೋಡ್‌ನ ಮಗು, ಅಂದರೆ ಅದರ ಕೆಳಗಿನ ಒಂದು ನೋಡ್. ಅದಕ್ಕೆ ಬೇಕಾದ ಹೆಸರಿಡಬಹುದು, ಮೇಲೆ ಕೆಳಗೆ ಸರಿಸಬಹುದು, ಕೆಳಗೆ ಎರಡು ಸಾಲು ಟಿಪ್ಪಣಿಯೂ ಬರೆಯಬಹುದು. ಇದಕ್ಕೆ ನಾನು ಹೊಸ ಕೋಡ್ ಬರೆದಿಲ್ಲ, ಔಟ್‌ಲೈನ್‌ಗೆ ಇದ್ದದ್ದೇ ಸಾಕಾಯಿತು. ಸಂಜೆ ಕಾಸ್ ಲಿಸ್ಟ್, ಅಂದರೆ ಮರುದಿನ ಕೋರ್ಟಿಗೆ ಬರುವ ಕೇಸುಗಳ ಪಟ್ಟಿ, ಬಂದ ಮೇಲೆ ಕಾಕಾ ‘ನಾಳೆ’ ಅಂತ ಒಂದು ನೋಡ್ ತೆರೆದು, ಅದೇ ಕ್ರಮದಲ್ಲಿ ಐದಾರು ಬುಕ್‌ಮಾರ್ಕ್ ಜೋಡಿಸಿಡುತ್ತಾರೆ. ನಾನು ಹೇಳಿಕೊಟ್ಟದ್ದಲ್ಲ. ಅದನ್ನು ನೋಡಿದಾಗ ನನ್ನ ಮಾತು ಸರಿ ಇತ್ತು ಅಂತ ಬಹಳ ಖುಷಿಯಾಯಿತು.

ಫೋಲ್ಡ್, ಅಂದರೆ ನೋಡ್ ಮುಚ್ಚಿಡೋ ವಿಷಯ ಮಾತ್ರ ಹಗುರಾಗಿ ತಗೋಬೇಡಿ. ಮುಚ್ಚಿದ ನೋಡ್‌ನ ಒಳಗೆ ಹಾರಬೇಕಾದರೆ ಮೇಲಿನವೆಲ್ಲಾ ತೆರೆಯಬೇಕು. ಹತ್ತು ಸಲ ಹಾರಿದರೆ ಫೈಲು ಪೂರ್ತಿ ಹರಡಿಕೊಂಡು ಬಿದ್ದಿರುತ್ತದೆ. ನಾನು ಹಾರುವಾಗ ತೆರೆದದ್ದನ್ನು ಬರೆದಿಟ್ಟುಕೊಂಡು, ವಾಪಸ್ ಬರುವಾಗ ಅಷ್ಟನ್ನೇ ಮುಚ್ಚುತ್ತೇನೆ. ಅಲ್ಲಿ ಒಂದಕ್ಷರ ತಿದ್ದಿದ್ದರೂ ಮುಚ್ಚೋದಿಲ್ಲ, ತೆರೆದೇ ಬಿಡುತ್ತೇನೆ.

ಬುಕ್‌ಮಾರ್ಕ್‌ನ ಕೀಲಿಗಳು: ಆಲ್ಟ್ ಜೊತೆ 1ರಿಂದ 9. ಮೊದಲು ವಿಮ್ ಅನ್ನೋ ಎಡಿಟರ್ ಥರ ಅಕ್ಷರ ಇಟ್ಟಿದ್ದೆ, ಆದರೆ ಕನ್ನಡ ಕೀಲಿಮಣೆ ಚಾಲೂ ಇದ್ದಾಗ ಎಮ್ ಒತ್ತಿದರೆ ‘ಮ’ ಬೀಳುತ್ತದೆ. ‘೧’ ಬಂದರೂ 1 ಅಂತಲೇ ಓದಿಕೊಳ್ಳುತ್ತೇನೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಅರ್ಧ ನಿಮಿಷ ಒಂದೇ ಕಡೆ ನಿಂತರೆ ತಾನೇ ಬುಕ್‌ಮಾರ್ಕ್ ಆಗಲಿ ಅಂತ. ಊಟಕ್ಕೆ ಎದ್ದರೂ ಒಂದು, ಕರೆಂಟ್ ಹೋದರೂ ಒಂದು. ವಾರದಲ್ಲಿ 200 ದಾಟಿತು. ತೆಗೆದೆ. ತೀರಾ ಈಚೆಗೆ ತಿದ್ದಿದ ಐದು ಜಾಗ ನೆನಪಿಡೋದು ಮಾತ್ರ ಉಳಿದಿದೆ, ಅದು ನಿಜಕ್ಕೂ ಉಪಯೋಗ.

ಕಾಕಾ 20,000 ಕೊಟ್ಟರು, ಜೊತೆಗೆ ತಮ್ಮ ಹೊಲದ ಹತ್ತು ಕೆಜಿ ತೊಗರಿಬೇಳೆ. ಹೋದದ್ದು ಇನ್ನೂ ಬಂದಿಲ್ಲ. ಅವರ ಇಬ್ಬರು ಜೂನಿಯರ್‌ಗಳಿಗೂ ಬೇಕಂತೆ. ಮೂವರೂ ಒಂದೇ ಫೈಲು ತೆರೆದಾಗ ಒಬ್ಬರ ‘ನಾಳೆ’ ಇನ್ನೊಬ್ಬರದ್ದರ ಜೊತೆ ಬೆರೆಯಬಾರದು. ಈಗ ಅದರ ಮೇಲೆ ಕೂತಿದ್ದೇನೆ.