ಫೋನಿನ ಗಾಜು: ಒಡೆದ ಮೇಲೆ ಮಾಡುವ ಕೆಲಸ, ಒಡೆಯದಂತೆ ಇಟ್ಟುಕೊಳ್ಳುವ ಕ್ರಮ

ಕಳೆದ ಶ್ರಾವಣದಲ್ಲಿ ಊರಿನಿಂದ ಬಂದಿದ್ದ ನನ್ನ ತಮ್ಮನ ಮಗ ಊಟಕ್ಕೆ ಎಲೆಯ ಮುಂದೆ ಕುಳಿತವನು ಹೆಬ್ಬೆರಳನ್ನು ಬಾಯಲ್ಲಿಟ್ಟು ಚೀಪುತ್ತಿದ್ದ. ಏನಾಯಿತೆಂದು ಕೇಳಿದರೆ, "ಏನಿಲ್ಲ ಅತ್ತೆ, ಫೋನಿನ ಗಾಜು ಚುಚ್ಚಿತು" ಎಂದ. ಆ ಫೋನನ್ನು ಕೈಗೆ ತೆಗೆದುಕೊಂಡು ನೋಡಿದೆ. ಒಂದು ಮೂಲೆಯಿಂದ ಹೊರಟ ಸೀಳು ಜೇಡರ ಬಲೆಯಂತೆ ಅರ್ಧ ಪರದೆಯನ್ನು ಆವರಿಸಿತ್ತು, ಬೆರಳಾಡಿಸಿದರೆ ಉಪ್ಪಿನ ಹರಳಿನಂಥ ಚೂರುಗಳು ಹತ್ತುತ್ತಿದ್ದವು. ಒಡೆದು ಮೂರು ತಿಂಗಳಾಗಿತ್ತಂತೆ. ಅದರೊಳಗಿದ್ದ ಮಗುವಿನ ನಾಮಕರಣದ ಚಿತ್ರಗಳನ್ನಾದರೂ ಬೇರೆಡೆ ಇಳಿಸಿಟ್ಟಿದ್ದೀಯಾ ಎಂದರೆ ಅದೂ ಇಲ್ಲ. ಓದಿದ ಮಕ್ಕಳೇ ಹೀಗೆ ಮಾಡುವುದನ್ನು ಮತ್ತೆ ಮತ್ತೆ ಕಂಡು ಬೇಸತ್ತು ಇದನ್ನು ಬರೆಯುತ್ತಿದ್ದೇನೆ.

ಮೊದಲು ಗಾಜಿನ ಸ್ವಭಾವವನ್ನು ತಿಳಿದುಕೊಳ್ಳಬೇಕು. ನನ್ನ ತವರು ತೀರ್ಥಹಳ್ಳಿಯ ಕಡೆ. ಮನೆಗೆ ಕರೆಂಟು ಬರುವ ಮೊದಲು ದಿನವೂ ಸಂಜೆ ಲಾಟೀನಿನ ಗಾಜನ್ನು ಉಜ್ಜುವ ಕೆಲಸ ನನ್ನದಾಗಿತ್ತು. ಒಲೆಯ ಬೂದಿಯನ್ನು ಅಜ್ಜಿ ಹಾಗೆಯೇ ಎಂದೂ ಕೊಡುತ್ತಿರಲಿಲ್ಲ. ತೆಳು ಬಟ್ಟೆಯಲ್ಲಿ ಸೋಸಿ, ಬೆರಳಲ್ಲಿ ತಿಕ್ಕಿ ನೋಡಿ, ಮರಳಿನ ಒಂದು ಕಣವೂ ಇಲ್ಲವೆಂದು ಖಚಿತವಾದ ಮೇಲೆಯೇ ಕೊಡುತ್ತಿದ್ದಳು. ಗಾಜಿಗೆ ಕಣ್ಣಿಗೆ ಕಾಣದಷ್ಟು ಗೀರು ಬಿದ್ದರೂ ಸಾಕು, ದೀಪ ಹಚ್ಚಿ ಬಿಸಿಯೇರಿದಾಗ ಅದು ಅಲ್ಲಿಂದಲೇ ಸೀಳುತ್ತದೆ ಎನ್ನುವುದು ಅವಳ ಮಾತು. ಇಂದಿನ ಫೋನಿನ ಗಾಜಿಗೂ ಆ ಮಾತು ಸಲ್ಲುತ್ತದೆ. ಈ ಗಾಜನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕರಗಿದ ಪೊಟ್ಯಾಸಿಯಂ ಉಪ್ಪಿನಲ್ಲಿ ಮುಳುಗಿಸಿಡುತ್ತಾರೆ. ಗಾಜಿನ ಮೇಲ್ಮೈಯಲ್ಲಿರುವ ಸೋಡಿಯಂ ಕಣಗಳು ಹೊರಬಂದು, ಅವುಗಳಿಗಿಂತ ದೊಡ್ಡವಾದ ಪೊಟ್ಯಾಸಿಯಂ ಕಣಗಳು ಅದೇ ಜಾಗಕ್ಕೆ ಸೇರಿಕೊಳ್ಳುತ್ತವೆ. ತುಂಬಿದ ಬುಟ್ಟಿಯಿಂದ ನಿಂಬೆಹಣ್ಣು ತೆಗೆದು ಆ ಜಾಗಕ್ಕೆ ಮೂಸಂಬಿ ತುರುಕಿದಂತೆ ಮೇಲ್ಪದರವು ಬಿಗಿದುಕೊಳ್ಳುತ್ತದೆ, ಆ ಬಿಗಿತವೇ ಗಾಜಿನ ಬಲ. ಆದರೆ ಆ ಬಿಗಿದ ಪದರದ ದಪ್ಪ ಹೆಚ್ಚುಕಡಿಮೆ ಒಂದು ತಲೆಗೂದಲಿನಷ್ಟು ಮಾತ್ರ. ಗೀರು ಅದನ್ನು ದಾಟಿ ಒಳಗಿಳಿದಿದ್ದರೆ ಮುಂದಿನ ಸಣ್ಣ ಪೆಟ್ಟಿಗೇ ಸೀಳು ಹರಿಯುತ್ತದೆ. ಮೊನ್ನೆ ಮಹಡಿಯಿಂದ ಬಿದ್ದರೂ ಏನೂ ಆಗದ ಫೋನು ಇಂದು ಮಂಚದಿಂದ ಬಿದ್ದು ಒಡೆಯುವುದು ಇದರಿಂದಲೇ.

ಕೀಲಿಕೈ, ಚಿಲ್ಲರೆ ಕಾಸು ತಾಗಿದರೆ ಗಾಜು ಕೆಡುತ್ತದೆ ಎಂದು ಹೆದರುವವರು ಚೀಲದ ತಳದಲ್ಲಿರುವ ಮರಳಿನ ಬಗ್ಗೆ ಯೋಚಿಸುವುದೇ ಇಲ್ಲ. ಕೀಲಿಕೈಯ ಲೋಹ ಈ ಗಾಜಿಗಿಂತ ಮೃದು. ಮರಳಿನಲ್ಲಿರುವ ಬೆಣಚುಕಲ್ಲಿನ ಕಣವೋ ಗಾಜಿಗಿಂತ ಗಟ್ಟಿ. ಆದ್ದರಿಂದ ವಾರಕ್ಕೊಮ್ಮೆ ಕೈಚೀಲವನ್ನು ಒಳಹೊರಗು ಮಾಡಿ ಕೊಡವಿರಿ, ಪ್ಯಾಂಟಿನ ಜೇಬನ್ನು ಒಗೆಯುವ ಮೊದಲು ಹೊರಕ್ಕೆಳೆಯಿರಿ. ಹೀಗೆ ಮಾಡಿದರೆ ಬಟ್ಟೆ ಒಗೆಯುವ ಯಂತ್ರದ ಸೋಸುಬಲೆಯೂ ಕಟ್ಟಿಕೊಳ್ಳುವುದಿಲ್ಲ.

ಇನ್ನು, ಫೋನು ಬಿದ್ದಿದೆ, ಗಾಜು ಸೀಳಿದೆ ಎಂದುಕೊಳ್ಳೋಣ. ಗಾಬರಿಯಿಂದ ಸೆರಗಿನಲ್ಲಿ ಒರೆಸಲು ಹೋಗಬೇಡಿ. ಚೂರು ಸೆರಗಿಗೆ ಹತ್ತಿ ಆಮೇಲೆ ಮಗುವಿನ ಕೆನ್ನೆಗೆ ತಾಗುತ್ತದೆ. ಫೋನನ್ನು ಕಾಗದದ ಮೇಲೆ ಇಟ್ಟು, ಒಡೆದದ್ದು ಮೇಲೆ ಅಂಟಿಸಿದ ಟೆಂಪರ್ಡ್ ಗ್ಲಾಸೋ ಅಥವಾ ಫೋನಿನದೇ ಗಾಜೋ ಎಂದು ಮೊದಲು ನೋಡಿಕೊಳ್ಳಿ. ಒಡೆದದ್ದು ಮೇಲಿನ ಗಾಜಾಗಿದ್ದರೆ ಅದು ತನ್ನ ಕೆಲಸ ಮಾಡಿದೆ, ಅದನ್ನು ಬದಲಿಸಿದರೆ ಸಾಕು. ಇಷ್ಟನ್ನೂ ನೋಡದೆ ಅಂಗಡಿಗೆ ಓಡಿ ಡಿಸ್ಪ್ಲೇ ಹಾಕಿಸಿಕೊಂಡು ಬಂದವರನ್ನು ನಾನು ಕಂಡಿದ್ದೇನೆ.

ಒಡೆದದ್ದು ಫೋನಿನ ಗಾಜೇ ಆದರೆ, ಪೆಟ್ಟಿಗೆಗಳಿಗೆ ಅಂಟಿಸುವ ಅಗಲವಾದ ಪಾರದರ್ಶಕ ಟೇಪನ್ನು ಪರದೆಯ ಮೇಲೆ ಉದ್ದಕ್ಕೆ ಎಳೆದು ಅಂಟಿಸಿ, ಕಿವಿಗೆ ಹಿಡಿಯುವ ಸ್ಪೀಕರಿನ ಸಂದಿಯನ್ನು ಮಾತ್ರ ಬಿಡಿ. ಟೇಪಿನ ಮೇಲಿಂದಲೂ ಸ್ಪರ್ಶ ಕೆಲಸ ಮಾಡುತ್ತದೆ, ಬೆರಳು ಕೊಯ್ಯುವುದಿಲ್ಲ, ಚೂರುಗಳೂ ಅಲ್ಲಲ್ಲೇ ನಿಲ್ಲುತ್ತವೆ. ಇದು ಮನೆಯಿಂದ ಅಂಗಡಿಗೆ ಹೋಗುವವರೆಗಿನ ವ್ಯವಸ್ಥೆಯೇ ಹೊರತು ಮೂರು ತಿಂಗಳ ಸಂಸಾರಕ್ಕಲ್ಲ. ಟೇಪು ಅಂಟಿಸಿದ ಕೂಡಲೇ, ಅದೇ ಗಳಿಗೆಯಲ್ಲಿ, ಚಿತ್ರಗಳನ್ನೂ ಫೋನ್ ನಂಬರುಗಳನ್ನೂ ಬೇರೆಡೆಗೆ ಇಳಿಸಿರಿ, ಏಕೆಂದರೆ ಇಂದು ಬೆಳಗುತ್ತಿರುವ ಪರದೆ ನಾಳೆಯೂ ಬೆಳಗುತ್ತದೆಂಬ ಭರವಸೆಯಿಲ್ಲ. ಪ್ರತಿ ಚುಕ್ಕೆಯೂ ತಾನೇ ಬೆಳಗುವ ಅಮೋಲೆಡ್ ಎಂಬ ಬಗೆಯ ಪರದೆಯಾದರೆ ಒಂದು ಮೂಲೆಯಲ್ಲಿ ಶಾಯಿ ಚೆಲ್ಲಿದಂಥ ಕಪ್ಪು ಅಥವಾ ನೇರಳೆ ಕಲೆ ಕಾಣಿಸಿಕೊಂಡು ದಿನದಿಂದ ದಿನಕ್ಕೆ ಹರಡುತ್ತದೆ. ಪರದೆ ಕಾಣುತ್ತಿದ್ದು ಸ್ಪರ್ಶ ಮಾತ್ರ ಸತ್ತಿದ್ದರೆ, ಒಟಿಜಿ ಎನ್ನುವ ಪುಟ್ಟ ಜೋಡಣೆಯ ಮೂಲಕ ಕಂಪ್ಯೂಟರಿನ ಮೌಸನ್ನು ಸಿಕ್ಕಿಸಿ ನೋಡಿ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಬಾಣದ ಗುರುತು ಮೂಡುತ್ತದೆ, ಅದರಿಂದಲೇ ಬೀಗ ತೆಗೆದು ಎಲ್ಲವನ್ನೂ ಇಳಿಸಿಕೊಳ್ಳಬಹುದು. ಯಾರೂ ಮುಟ್ಟದಿದ್ದರೂ ಪರದೆ ತಾನೇ ಒತ್ತಿಕೊಳ್ಳಲು, ಯಾರ್ಯಾರಿಗೋ ಕರೆ ಹೋಗಲು ಶುರುವಾದರೆ ತಡಮಾಡದೆ ಫೋನನ್ನು ಆರಿಸಿ ಸಿಮ್ಮನ್ನು ಹೊರತೆಗೆಯಿರಿ. ಯುಪಿಐ ಇರುವ ಫೋನನ್ನು ಆ ಸ್ಥಿತಿಯಲ್ಲಿ ಜೇಬಿನಲ್ಲಿಟ್ಟುಕೊಂಡು ತಿರುಗುವುದು ಸಲ್ಲದು.

ಹಲ್ಲುಜ್ಜುವ ಪೇಸ್ಟು, ಅಡುಗೆ ಸೋಡಾ, ಮೊಟ್ಟೆಯ ಬಿಳಿ, ಫೆವಿಕ್ವಿಕ್ಕು ಎಂದು ವಿಡಿಯೋಗಳಲ್ಲಿ ತೋರಿಸುವ ಯಾವುದೂ ಸೀಳನ್ನು ಮುಚ್ಚುವುದಿಲ್ಲ. ಪೇಸ್ಟಿನಲ್ಲಿರುವ ಪುಡಿಯು ಬೆರಳ ಜಿಡ್ಡು ಹಿಡಿಯದಂತೆ ಗಾಜಿಗೆ ಸವರಿರುವ ತೆಳು ಲೇಪವನ್ನು ಉಜ್ಜಿ ತೆಗೆಯುತ್ತದೆ. ಫೆವಿಕ್ವಿಕ್ಕು ಬಿಳಿಯ ಮಬ್ಬು ಬಿಟ್ಟು, ಸೀಳಿನೊಳಗೆ ಇಳಿದು, ಉಳಿದದ್ದನ್ನೂ ಕೆಡಿಸುತ್ತದೆ. ಇನ್ನೊಂದು ಮಾತು: ನೀರು ತಾಗಿದರೂ ಏನಾಗದು ಎಂದು ಹೇಳಿ ಮಾರಿದ ಫೋನಾದರೂ ಗಾಜು ಸೀಳಿದ ದಿನದಿಂದ ಆ ಮಾತು ಮುಗಿಯಿತು. ಅದನ್ನು ಕುಕ್ಕರಿನ ಹಬೆಯ ಹತ್ತಿರವೂ ಸುಳಿಯಗೊಡಬೇಡಿ. ಬೀಳದೆಯೇ ಪರದೆಯ ಒಂದು ಅಂಚು ಮೇಲೆದ್ದು ಬರುತ್ತಿದ್ದರೆ ಅದು ಗಾಜಿನ ತೊಂದರೆಯಲ್ಲ, ಒಳಗಿನ ಬ್ಯಾಟರಿ ಉಬ್ಬಿದೆ ಎಂದು ತಿಳಿಯಿರಿ. ಅದನ್ನು ಒತ್ತಿ ಕೂರಿಸಬಾರದು, ಚಾರ್ಜಿಗೆ ಹಾಕಬಾರದು, ನೇರವಾಗಿ ರಿಪೇರಿಯವರ ಬಳಿಗೆ ಒಯ್ಯಬೇಕು.

ಅಂಗಡಿಯಲ್ಲಿ ಕೇಳಬೇಕಾದದ್ದನ್ನು ಕೇಳಲು ಸಂಕೋಚಪಡಬೇಡಿ. ಮೇಲಿನ ಗಾಜು ಮಾತ್ರ ಬದಲಿಸುತ್ತಾರೋ ಅಥವಾ ಟಚ್ಚೂ ಡಿಸ್ಪ್ಲೇಯೂ ಸೇರಿದ ಕಾಂಬೋ ಹಾಕುತ್ತಾರೋ, ಹಾಕುವುದು ಕಂಪನಿಯ ಮಾಲೋ ನಕಲೋ, ಪರದೆಯೊಳಗಿನ ಬೆರಳಚ್ಚಿನ ಬೀಗ ಆಮೇಲೂ ಕೆಲಸ ಮಾಡುತ್ತದೋ ಇಲ್ಲವೋ ಎಂದು ಫೋನು ಬಿಚ್ಚುವ ಮೊದಲೇ ಕೇಳಿರಿ. ಕೆಲವು ನಕಲಿ ಪರದೆಗಳಲ್ಲಿ ಆ ಬೀಗ ಶಾಶ್ವತವಾಗಿ ಹೋಗುತ್ತದೆ. ಮನೆಯಲ್ಲೇ *#06# ಒತ್ತಿ ಬರುವ ಐಎಂಇಐ ಎಂಬ, ಫೋನಿನ ಗುರುತಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು ಹೋಗಿ, ಬೀಗದ ಗುಟ್ಟನ್ನು ಯಾರಿಗೂ ಹೇಳಬೇಡಿ, ಪರೀಕ್ಷಿಸಬೇಕಾದಾಗ ನೀವೇ ತೆರೆದುಕೊಡಿ. ಹಣ ಕೊಡುವ ಮೊದಲು ಬಿಳಿಯ ಚಿತ್ರವೊಂದನ್ನು ಪರದೆಯ ತುಂಬ ತೆರೆದು ಕಲೆಗಳಿವೆಯೇ ನೋಡಿ. ಆಮೇಲೆ ಒಂದು ಆ್ಯಪಿನ ಗುರುತನ್ನು ಬೆರಳಲ್ಲಿ ಒತ್ತಿ ಹಿಡಿದು, ರಂಗೋಲಿಯ ಎಳೆ ಎಳೆದಂತೆ, ಪರದೆಯ ಮೇಲಿನಿಂದ ಕೆಳಗಿನವರೆಗೆ ಸಾಲುಸಾಲಾಗಿ ನಿಧಾನಕ್ಕೆ ಎಳೆಯುತ್ತ ಹೋಗಿ. ಎಳೆ ಎಲ್ಲಿ ಕೈತಪ್ಪಿ ನಿಲ್ಲುತ್ತದೋ ಅಲ್ಲಿ ಟಚ್ ಸತ್ತಿದೆ. ಒಂದು ಕರೆ ಮಾಡಿ ಕಿವಿಗಿಟ್ಟು ಪರದೆ ತಾನಾಗಿ ಆರುತ್ತದೆಯೇ ಎಂಬುದನ್ನೂ ನೋಡಬೇಕು. ನಾನು ಒಮ್ಮೆ ಇದನ್ನು ನೋಡದೆ ಮನೆಗೆ ಬಂದೆ. ಮಾತಾಡುತ್ತಿದ್ದಾಗಲೆಲ್ಲ ಕೆನ್ನೆ ತಾಗಿ ಕರೆ ಕತ್ತರಿಸುತ್ತಿತ್ತು, ಮತ್ತೆ ಹೋದರೆ ಆ ಅಂಗಡಿಯವರು ಅದು ಮೊದಲೇ ಹಾಗಿತ್ತೆಂದು ವಾದಿಸಿದರು.

ಈಗ ನಾನು ಆಣೆಯಿಟ್ಟು ಹೇಳುವ ಒಂದು ಕ್ರಮಕ್ಕೆ ಬರುತ್ತೇನೆ. ಟೆಂಪರ್ಡ್ ಗ್ಲಾಸನ್ನು ರಸ್ತೆಬದಿಯ ಧೂಳಿನಲ್ಲಿ, ಫ್ಯಾನಿನ ಕೆಳಗೆ, ಎರಡು ನಿಮಿಷದಲ್ಲಿ ಅಂಟಿಸಿಕೊಂಡು ಬರುತ್ತೀರಿ. ಒಳಗೊಂದು ಧೂಳಿನ ಕಣ, ಅದರ ಸುತ್ತ ಗುಳ್ಳೆ, ಆ ಗುಳ್ಳೆಯಿಂದ ಅಂಚು ಎದ್ದು ವಾರದೊಳಗೆ ಚಕ್ಕೆ. ಅದನ್ನು ಮನೆಯಲ್ಲಿ, ಬಚ್ಚಲಮನೆಯಲ್ಲಿಯೇ ಅಂಟಿಸಬೇಕು. ಬೆಳಿಗ್ಗೆ ಮನೆಯವರೆಲ್ಲರ ಬಿಸಿನೀರಿನ ಸ್ನಾನ ಮುಗಿದ ಮೇಲೆ ಬಾಗಿಲು ಮುಚ್ಚಿ ಒಂದಷ್ಟು ಹೊತ್ತು ಬಿಡಿ. ಹಬೆಯು ಗಾಳಿಯಲ್ಲಿರುವ ಧೂಳನ್ನೆಲ್ಲ ಹಿಡಿದುಕೊಂಡು ನೆಲಕ್ಕಿಳಿಯುತ್ತದೆ. ಹಬೆ ದಟ್ಟವಾಗಿರುವಾಗ ಫೋನನ್ನು ಒಳಗೆ ತರಬೇಡಿ. ಕನ್ನಡಿಯ ಮೇಲಿನ ಮಂಜು ಕರಗಿ ಮುಖ ಕಾಣತೊಡಗಿದ ಹೊತ್ತೇ ಸರಿಯಾದ ಹೊತ್ತು. ನೀರು ತಾಗದ ಎತ್ತರದ ಸ್ಟೂಲಿನ ಮೇಲೆ ಒಣ ತಟ್ಟೆಯಿಟ್ಟು ಅದರಲ್ಲಿ ಫೋನನ್ನು ಆರಿಸಿ ಇಡಿ, ಕಪ್ಪು ಪರದೆಯಲ್ಲಿ ಧೂಳು ಚೆನ್ನಾಗಿ ಕಾಣುತ್ತದೆ. ಕೈಯನ್ನು ಸಾಬೂನಿನಿಂದ ತೊಳೆದು ಒಣಗಿಸಿರಬೇಕು, ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ಈ ಕೆಲಸಕ್ಕೆ ಕೈಹಾಕಬಾರದು.

ಹಳೆಯ ಗಾಜು ಒಡೆದಿದ್ದರೆ ಅದರ ಮೇಲೆ ಟೇಪು ಅಂಟಿಸಿ, ಹಳೆಯ ಎಟಿಎಂ ಕಾರ್ಡನ್ನು ಒಂದು ಮೂಲೆಯಿಂದ ನುಸುಳಿಸಿ, ಇಡಿಯಾಗಿ ಎಬ್ಬಿಸಿ ತೆಗೆಯಿರಿ. ಪೊಟ್ಟಣದಲ್ಲಿ ಬರುವ ಒದ್ದೆ ಕಾಗದದಿಂದ ಪರದೆ ಒರೆಸಿ, ಬಳಿಕ ಕನ್ನಡಕ ಒರೆಸುವ ಬಟ್ಟೆಯಿಂದ ಒಣಗಿಸಿ; ಹಳೆಯ ಪಂಚೆಯ ತುಂಡು ಎಷ್ಟು ಮೃದುವಾಗಿದ್ದರೂ ನೂಲು ಬಿಡುತ್ತದೆ, ಅದು ಬೇಡ. ಈಗ ಹೊಸ ಗಾಜಿನ ಹಾಳೆಯನ್ನು ಸುಲಿಯದೆಯೇ ಪರದೆಯ ಮೇಲಿಟ್ಟು, ಮೇಲಿನ ಕ್ಯಾಮೆರಾದ ಕಿಂಡಿಗೂ ನಾಲ್ಕು ಅಂಚುಗಳಿಗೂ ಸರಿಯಾಗಿ ಹೊಂದಿಸಿಕೊಳ್ಳಿ. ಹೊಂದಿದ ಮೇಲೆ ಎಡಗಡೆಯಲ್ಲಿ ಮಾತ್ರ ಎರಡು ತುಂಡು ಟೇಪನ್ನು ಗಾಜಿನಿಂದ ಫೋನಿನ ಬೆನ್ನಿಗೆ ಸುತ್ತಿ ಅಂಟಿಸಿ. ಇದು ಬಾಗಿಲಿನ ಕೀಲಿನಂತೆ ಕೆಲಸ ಮಾಡುತ್ತದೆ. ಗಾಜನ್ನು ಎಷ್ಟು ಸಲ ತೆರೆದರೂ ಮುಚ್ಚಿದಾಗ ಅದೇ ಜಾಗಕ್ಕೆ ಬಂದು ಕೂರುತ್ತದೆ. ಪುಸ್ತಕದ ರಟ್ಟು ತೆರೆದಂತೆ ಗಾಜನ್ನು ತೆರೆದು, ಆಗ ಹಾಳೆಯನ್ನು ಸುಲಿಯಿರಿ. ಇನ್ನೊಂದು ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದು ಪರದೆಯನ್ನು ನೋಡಿ, ಕಂಡ ಕಣವನ್ನು ಟೇಪಿನ ಅಂಟಿನಿಂದ ಒತ್ತಿ ಎತ್ತಿ, ಬಾಯಿಂದ ಊದಬೇಡಿ. ಕಣವೊಂದೂ ಇಲ್ಲವೆಂದಾಗ ಗಾಜನ್ನು ಮುಚ್ಚಿ ನಡುವೆ ಒಂದೇ ಬೆರಳಿನಿಂದ ಒತ್ತಿರಿ. ಕಾದ ಕಾವಲಿಯ ಮೇಲೆ ಎಣ್ಣೆ ಹರಡುವಂತೆ ಅಂಟು ತಾನಾಗಿ ಅಂಚಿನವರೆಗೆ ಓಡುತ್ತದೆ, ಅದನ್ನು ನೋಡುವುದೇ ಒಂದು ಸಮಾಧಾನ. ಗಾಳಿಯ ಗುಳ್ಳೆಯನ್ನು ಬಟ್ಟೆ ಸುತ್ತಿದ ಕಾರ್ಡಿನಿಂದ ಅಂಚಿಗೆ ತಳ್ಳಬಹುದು. ನಡುವೆ ಚುಕ್ಕೆಯಿರುವ ಗುಳ್ಳೆ ತಳ್ಳಿದರೆ ಹೋಗುವುದಿಲ್ಲ, ಅದರಲ್ಲಿ ಧೂಳಿದೆ. ಕೀಲಿನ ಕಡೆಗೆ ಗಾಜನ್ನು ಮತ್ತೆ ತೆರೆದು, ಆ ಕಣವನ್ನು ಟೇಪಿನಿಂದ ತೆಗೆದು, ಮುಚ್ಚಬೇಕು. ನನ್ನ ಸೊಸೆಗೆ ಮೊದಲು ಇದೆಲ್ಲ ಅತಿಯಾಯಿತು ಅನ್ನಿಸಿತ್ತು, ಈಗ ಅವಳ ಆಫೀಸಿನವರು ಗಾಜು ಹಾಕಿಸಲು ಫೋನನ್ನು ಅವಳ ಕೈಗೆ ಕೊಡುತ್ತಾರೆ. ಅಂಚು ಬಾಗಿದ ಪರದೆಗೆ ಮಾತ್ರ ಈ ಗಾಜು ಕೂರುವುದಿಲ್ಲ. ಅದಕ್ಕೆ ಸುರಿಯುವ ದ್ರವದ ಅಂಟು ಸ್ಪೀಕರಿನ ಸಂದಿಗೆ ಇಳಿಯುವ ಅಪಾಯವಿರುವುದರಿಂದ ಆ ಕೆಲಸವನ್ನು ಪಳಗಿದ ಕೈಗೇ ಬಿಡಿ.

ಮೇಲಿನ ಗಾಜಷ್ಟೇ ಸಾಲದು, ಕವರೂ ಬೇಕು. ಡಬ್ಬಿಯ ಮೇಲೆ 9ಎಚ್ ಎಂದು ಬರೆದಿರುವುದು ಪೆನ್ಸಿಲ್ಲಿನ ಗಡಸುತನದ ಅಳತೆ, ಗೀರಿಗೆ ಸಂಬಂಧಿಸಿದ್ದು. ಬೀಳುವ ಪೆಟ್ಟಿಗೆ ಅದು ಖಾತರಿಯಲ್ಲ. ಪೆಟ್ಟು ಹೆಚ್ಚಾಗಿ ಮೂಲೆಗೆ ಬೀಳುತ್ತದೆ, ಆದ್ದರಿಂದ ಮೂಲೆಗಳಲ್ಲಿ ದಪ್ಪವಿದ್ದು ಒತ್ತಿದರೆ ಬಗ್ಗುವಂಥ ಕವರನ್ನೇ ಆರಿಸಿ. ಕವರು ಹಾಕಿದ ಫೋನನ್ನು ಮೇಜಿನ ಮೇಲೆ ಬೋರಲಾಗಿ ಮಲಗಿಸಿ ಅಂಚಿನ ಕೆಳಗೆ ಕಾಗದವನ್ನು ನೂಕಿ ನೋಡಿ. ಕಾಗದ ಸಲೀಸಾಗಿ ಆಚೆ ಬಂದರೆ ಕವರಿನ ಕಟ್ಟೆ ಪರದೆಗಿಂತ ಎತ್ತರವಾಗಿದೆ, ಸಿಕ್ಕಿಕೊಂಡರೆ ಆ ಕವರು ಅಂದಕ್ಕೆ ಮಾತ್ರ.

ನಮ್ಮ ಹಳೆಯ ಮನೆಯ ಸಗಣಿ ಸಾರಿಸಿದ ನೆಲ ಬಿದ್ದದ್ದನ್ನು ಮೆತ್ತಗೆ ಹಿಡಿದುಕೊಳ್ಳುತ್ತಿತ್ತು. ಈಗಿನ ಟೈಲ್ಸ್ ನೆಲ ಕ್ಷಮಿಸುವುದಿಲ್ಲ. ಅಡುಗೆಯ ವಿಡಿಯೋ ಹಚ್ಚಿ ಫೋನನ್ನು ಕಟ್ಟೆಯ ಮೇಲೆ ಮಿಕ್ಸಿಯ ಪಕ್ಕದಲ್ಲೇ ಒರಗಿಸಿಡುತ್ತೀರಿ. ಮಿಕ್ಸಿ ತಿರುಗಿದಾಗ ಕಟ್ಟೆ ನಡುಗಿ ಫೋನು ಒಂದೊಂದೇ ಎಳ್ಳಿನಷ್ಟು ಜರುಗುತ್ತ ಅಂಚಿಗೆ ಬರುತ್ತದೆ, ಚಟ್ನಿ ನುಣ್ಣಗಾಗುವಷ್ಟರಲ್ಲಿ ಅದು ನೆಲದಲ್ಲಿರುತ್ತದೆ. ರಾತ್ರಿ ದಿಂಬಿನ ಬಳಿ ಬಿಟ್ಟ ಫೋನು ಬೆಳಿಗ್ಗೆ ಹೊದಿಕೆ ಕೊಡವಿದಾಗ ಗೋಡೆಗೆ ಹಾರುತ್ತದೆ. ಫ್ರಿಜ್ಜಿನ ಮೇಲೆ ಚಾರ್ಜಿಗಿಟ್ಟು ವೈರನ್ನು ಓಡಾಡುವ ದಾರಿಗೆ ಇಳಿಬಿಟ್ಟರೆ ಯಾರ ಕೈಗೋ ಕಾಲಿಗೋ ಸಿಕ್ಕದೆ ಇರದು. ಮನೆಯಲ್ಲಿ ಫೋನಿಗೆಂದೇ ಸೊಂಟದೆತ್ತರದ ಒಂದು ಗೂಡು ಅಥವಾ ಬುಟ್ಟಿ ಇರಲಿ, ತಳಕ್ಕೆ ಮಡಿಸಿದ ಬಟ್ಟೆ ಹಾಕಿ, ಕೈಯಲ್ಲಿಲ್ಲದಾಗ ಫೋನು ಅಲ್ಲಿಯೇ ಇರಲಿ.

ಬಿದ್ದ ಜಾಗವನ್ನು ಗುಡಿಸಿ ಕೈತೊಳೆದರೆ ಸಾಲದು, ಅಂಬೆಗಾಲಿಡುವ ಮಗುವಿರುವ ಮನೆಯಲ್ಲಂತೂ ಸಾಲದೇ ಸಾಲದು. ಪೊರಕೆಗೆ ಸಿಗದ ಸಣ್ಣ ಚೂರುಗಳಿಗಾಗಿ ಚಪಾತಿಯ ಹದಕ್ಕಿಂತ ಸ್ವಲ್ಪ ಮೆತ್ತಗೆ ಕಲಸಿದ ಹಿಟ್ಟಿನ ದೊಡ್ಡ ಉಂಡೆಯನ್ನು ನೆಲದ ಮೇಲೆ ಒತ್ತಿ ಒತ್ತಿ ಎತ್ತಿ, ಚೂರುಗಳೆಲ್ಲ ಅದಕ್ಕೆ ಕಚ್ಚಿಕೊಳ್ಳುತ್ತವೆ. ಉಂಡೆಯನ್ನು ಮೇಲಿನಿಂದಷ್ಟೇ ಹಿಡಿಯಿರಿ, ನಾದಬೇಡಿ. ಕೆಲಸವಾದ ಮೇಲೆ ಅದನ್ನು ಮರೆತೂ ದನದ ಕಲಗಚ್ಚಿಗೆ ಹಾಕಬಾರದು, ಬೀದಿಯಲ್ಲಿ ಬಿಸಾಡಲೂ ಬಾರದು. ನಾಲ್ಕು ಪದರ ಪತ್ರಿಕೆಯಲ್ಲಿ ಸುತ್ತಿ, ಟೇಪು ಹಾಕಿ, ಮೇಲೆ ದಪ್ಪ ಅಕ್ಷರದಲ್ಲಿ ಗಾಜು ಎಂದು ಬರೆದು, ಕಸ ಒಯ್ಯುವವರ ಕೈಗೆ ಬಾಯಿಮಾತಿನಲ್ಲೂ ಹೇಳಿ ಕೊಡಿ.